ಮುಟ್ಟು ನಿಂತ ಮೇಲಿನ ಮೂಳೆ ಮತ್ತು ನಮ್ಮ ಅಡುಗೆಮನೆ

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಮನೆಯಲ್ಲಿ ಕಳೆದ ಮಳೆಗಾಲದಲ್ಲಿ ಅಕ್ಕ ಬಚ್ಚಲ ಹೊಸ್ತಿಲಲ್ಲಿ ಜಾರಿ ಕೈಯೂರಿದಳು. ಅಷ್ಟಕ್ಕೇ ಮಣಿಕಟ್ಟಿನ ಮೂಳೆ ಮುರಿಯಿತು. ಅವಳಿಗೆ ಮುಟ್ಟು ನಿಂತು ಆರು ವರ್ಷಗಳಾಗಿದ್ದವು. ಅಷ್ಟೂ ಕಾಲ ಅವಳ ಮೂಳೆಗಳ ಬಗ್ಗೆ ನಾವ್ಯಾರೂ ಒಮ್ಮೆಯೂ ಯೋಚಿಸಿರಲಿಲ್ಲವೆಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಮೂಳೆಯು ಸದಾ ಕರಗುತ್ತ, ಮತ್ತೆ ಕಟ್ಟಿಕೊಳ್ಳುತ್ತ ಇರುವ ಜೀವಂತ ಅಂಗಾಂಶ. ಆ ಕರಗುವಿಕೆಗೆ ಕಡಿವಾಣ ಹಾಕುವ ಈಸ್ಟ್ರೋಜೆನ್ ಹಾರ್ಮೋನು ಮುಟ್ಟು ನಿಂತ ಮೇಲೆ ತೀರ ಕಡಿಮೆಯಾಗುವುದರಿಂದ, ಮೊದಲ ಕೆಲವು ವರ್ಷಗಳಲ್ಲಿಯೇ ಮೂಳೆ ವೇಗವಾಗಿ ಸವೆಯುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಈ ಹಂತದ ಮಹಿಳೆಯರಿಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು.

ಧಾರವಾಡದ ಕಡೆಯವರಾದ ನಾವು ಜೋಳದ ರೊಟ್ಟಿಯನ್ನೇ ನಂಬಿದವರು. ಆದರೆ 100 ಗ್ರಾಂ ಜೋಳದಲ್ಲಿ ಸುಮಾರು 30 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಇಲ್ಲಿನವರು ನಾಚಣಿ ಎನ್ನುವ ರಾಗಿಯಲ್ಲಿ ಅದು ಸುಮಾರು 350 ಮಿಲಿಗ್ರಾಂ! ಈಗ ನಾನು ರೊಟ್ಟಿಯ ಹಿಟ್ಟಿಗೆ ರಾಗಿ ಬೆರೆಸುತ್ತೇನೆ. ಜೊತೆಗೆ ಸಿಪ್ಪೆ ತೆಗೆಯದ ಎಳ್ಳಿನ ಚಟ್ನಿಪುಡಿ, ಗಟ್ಟಿ ಮೊಸರು, ನುಗ್ಗೆಸೊಪ್ಪಿನ ಪಲ್ಯ ಇರುತ್ತವೆ. ಪಾಲಕ್ ಸೊಪ್ಪಿನಲ್ಲಿಯೂ ಕ್ಯಾಲ್ಸಿಯಂ ಇದೆ, ಆದರೆ ಅದರಲ್ಲಿರುವ ಆಕ್ಸಲೇಟ್ ಅದನ್ನು ದೇಹಕ್ಕೆ ದಕ್ಕಗೊಡುವುದಿಲ್ಲ. ಬೇಳೆಕಾಳುಗಳನ್ನೂ ಕಡಿಮೆ ಮಾಡಬಾರದು, ಏಕೆಂದರೆ ಮೂಳೆಯ ಚೌಕಟ್ಟು ಪ್ರೋಟೀನಿನದು.

ಕ್ಯಾಲ್ಸಿಯಂ ಹೀರಿಕೊಳ್ಳಲು ವಿಟಮಿನ್ ಡಿ ಬೇಕು, ಆದರೆ ಒತ್ತೊತ್ತಾದ ಕಟ್ಟಡಗಳ ನಡುವಿನ ನಮ್ಮ ಮನೆಗೆ ಬಿಸಿಲೇ ಇಳಿಯುವುದಿಲ್ಲ. ವೈದ್ಯರು ರಕ್ತಪರೀಕ್ಷೆ ಮತ್ತು ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ನೋಡಿದ ಬಳಿಕವೇ ಅಕ್ಕನಿಗೆ ಮಾತ್ರೆ ಬರೆದುಕೊಟ್ಟರು. ಈಗ ನಾವಿಬ್ಬರೂ ದಿನವೂ ಮಹಡಿಯ ಮೇಲೆ ಬಿಸಿಲಿನಲ್ಲಿ ನಡೆಯುತ್ತೇವೆ.