ಟ್ಯಾಂಕ್ ಫುಲ್ ಮಾಡುವ ಅಭ್ಯಾಸ ಮನೆಯಲ್ಲೇ ಬಿಟ್ಟು ಹೊರಡಿ

ಎಲೆಕ್ಟ್ರಿಕ್ ಕಾರಿನ ಚಾರ್ಜರ್ ಎಲ್ಲೆಲ್ಲಿದೆ ಅಂತ ತೋರಿಸುವ ಆಪ್‌ನಲ್ಲಿ ಹಸಿರು ಚುಕ್ಕಿ ಇತ್ತು. ಅದನ್ನು ನಂಬಿಕೊಂಡು 185 ಕಿಲೋಮೀಟರ್ ಬಂದಿದ್ದೆವು. ಚಾರ್ಜರ್‌ನ ಪರದೆ ಚೆನ್ನಾಗಿಯೇ ಬೆಳಗುತ್ತಿತ್ತು. ಗನ್, ಅಂದರೆ ಚಾರ್ಜರ್ ಕೇಬಲ್ಲಿನ ತುದಿ, ಕಾರಿಗೆ ಸರಿಯಾಗಿ ಕೂತಿತು. ಅರ್ಧ ನಿಮಿಷ ಏನೋ ಲೆಕ್ಕ ಹಾಕಿ ಕೆಂಪು ದೀಪ ತೋರಿಸಿತು. ತೆಗೆದು ಮತ್ತೆ ಹಾಕಿದೆ. ಮತ್ತೆ ಕೆಂಪು. ಐದು ಸಲ ಹೀಗೇ ಆಯಿತು. ಸಹಾಯವಾಣಿಗೆ ಫೋನ್ ಮಾಡಿದೆ. ಅವರು ದೂರದಿಂದಲೇ ಎರಡು ಸಲ ಆರಿಸಿ ಹಚ್ಚಿದರು. ಆಮೇಲೆ, 'ಅದು ನಾಲ್ಕು ದಿನದಿಂದ ಹಾಗೇ ಇದೆ ಸರ್' ಅಂದರು. ನಾಲ್ಕು ದಿನ ಕೆಟ್ಟು ನಿಂತಿದ್ದಕ್ಕೆ ಹಸಿರು ಚುಕ್ಕಿ ಯಾಕೆ? ನನಗೆ ನಿಜವಾಗಿಯೂ ಸಿಟ್ಟು ಬಂತು. ಕಾರಿನಲ್ಲಿ ಎಪ್ಪತ್ತು ದಾಟಿದ ಅಮ್ಮ ಕೂತಿದ್ದರು. ಬ್ಯಾಟರಿ ಶೇಕಡಾ 34ಕ್ಕೆ ಇಳಿದಿತ್ತು.

ಹನ್ನೊಂದು ವರ್ಷ ಡೀಸೆಲ್ ಕಾರು ಓಡಿಸಿ ಈಗ ಎಲೆಕ್ಟ್ರಿಕ್‌ಗೆ ಬಂದವನು ನಾನು. ಊರೊಳಗೆ ನಾಲ್ಕು ತಿಂಗಳು ಓಡಿಸಿದ್ದೆ, ಒಂದು ತೊಂದರೆಯೂ ಇರಲಿಲ್ಲ. ಇದು ಮೊದಲ ದೂರದ ಪ್ರಯಾಣ. ಒಂದು ಕಡೆಗೆ 420 ಕಿಲೋಮೀಟರ್, ಕೊನೆಯ 40 ಕಿಲೋಮೀಟರ್ ಘಟ್ಟದ ರಸ್ತೆ, ಸುಮಾರು ಸಾವಿರ ಮೀಟರ್ ಏರು. ಇಂಥ ದಾರಿಗೆ ಹೊರಡುವವರು ಇದನ್ನು ಓದಿಕೊಂಡು ಹೊರಟರೆ ನನಗಾದದ್ದು ಅವರಿಗೆ ಆಗುವುದಿಲ್ಲ ಅಂತ ಬರೆಯುತ್ತಿದ್ದೇನೆ.

ಮೊದಲು ಆ ಹಸಿರು ಚುಕ್ಕಿಯ ವಿಷಯ. ಬಹಳ ಸಲ ಅದರ ಅರ್ಥ ಚಾರ್ಜರ್ ಇಂಟರ್ನೆಟ್‌ಗೆ ಸಿಗುತ್ತಿದೆ ಅಂತ ಅಷ್ಟೇ. ಕರೆಂಟ್ ಕೊಡುತ್ತದೆ ಅಂತ ಅಲ್ಲ. ನೋಡಬೇಕಾದದ್ದು ಕೊನೆಯ ಸಲ ಯಾರು, ಯಾವಾಗ ಚಾರ್ಜ್ ಮಾಡಿದ್ದಾರೆ ಅನ್ನುವುದನ್ನು. ಇವತ್ತೋ ನಿನ್ನೆಯೋ ಯಾರಾದರೂ ಮಾಡಿದ್ದರೆ ನಂಬಬಹುದು. ವಾರದಿಂದ ಯಾರೂ ಮುಟ್ಟಿಲ್ಲ ಅಂದರೆ ಅದು ಇಲ್ಲ ಅಂತಲೇ ಇಟ್ಟುಕೊಳ್ಳಿ. ಒಂದೇ ಗನ್ ಇರುವ ಜಾಗವನ್ನು ನೆಚ್ಚಿಕೊಂಡು ಹೋಗಬೇಡಿ. ಮುಂದಿನ ಚಾರ್ಜರ್‌ಗೆ ತಲುಪುವಷ್ಟು ಬ್ಯಾಟರಿ ಕೈಯಲ್ಲಿ ಇಟ್ಟುಕೊಂಡೇ ಈ ಚಾರ್ಜರ್‌ಗೆ ಬರಬೇಕು. ನಮ್ಮನ್ನು ಉಳಿಸಿದ್ದು ಆ 34. ಹತ್ತಕ್ಕೆ ಇಳಿಸಿಕೊಂಡು ಬಂದಿದ್ದರೆ ಆ ದಿನ ಕಾರನ್ನು ಲಾರಿ ಮೇಲೆ ಹೇರಬೇಕಿತ್ತು.

ಮುಂದಿನ ಚಾರ್ಜರ್ 38 ಕಿಲೋಮೀಟರ್ ದೂರ. ನೂರರಲ್ಲಿ ಹೋಗುತ್ತಿದ್ದವನು ಎಂಬತ್ತಕ್ಕೆ ಇಳಿಸಿದೆ. ಆಗ ಕಣ್ಣಿಗೆ ಕಂಡದ್ದನ್ನು ಹೇಳಲೇಬೇಕು. ನೂರರ ವೇಗದಲ್ಲಿ 100 ಕಿಲೋಮೀಟರ್‌ಗೆ 16 ಯೂನಿಟ್ ಖರ್ಚಾಗುತ್ತಿತ್ತು. ಎಂಬತ್ತರಲ್ಲಿ 13. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ ಅಂತ ಶಾಲೆಯಲ್ಲಿ ಓದಿದ್ದೆ. ಡೀಸೆಲ್ ಕಾರಿನಲ್ಲಿ ಅದು ಯಾವತ್ತೂ ಹೀಗೆ ಎದ್ದು ಕಂಡಿರಲಿಲ್ಲ. ಕಾರಣ ಸರಳ. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್ ಶಕ್ತಿ ಇರುತ್ತದೆ. ನನ್ನ ಕಾರಿನ ಬ್ಯಾಟರಿ 45 ಯೂನಿಟ್‌ನದು. ಅಂದರೆ ಐದು ಲೀಟರ್ ಡೀಸೆಲ್‌ಗೂ ಕಮ್ಮಿ! ಡೀಸೆಲ್ ಎಂಜಿನ್ ಅರ್ಧಕ್ಕಿಂತ ಜಾಸ್ತಿ ಶಕ್ತಿಯನ್ನು ಬಿಸಿಯಾಗಿ ಹೊರಗೆ ಬಿಡುತ್ತದೆ, ಹಾಗಾಗಿ ನಾವು ಪೋಲು ಮಾಡಿದ್ದು ಅದರ ನಡುವೆ ಗೊತ್ತೇ ಆಗುವುದಿಲ್ಲ. ಮೋಟಾರ್ ಹೆಚ್ಚುಕಮ್ಮಿ ಎಲ್ಲವನ್ನೂ ಚಕ್ರಕ್ಕೆ ಕೊಡುತ್ತದೆ. ಆದ್ದರಿಂದ ವೇಗ, ಎದುರುಗಾಳಿ, ಏರು, ಟೈರಿನ ಗಾಳಿ, ಎಲ್ಲದರ ಲೆಕ್ಕವೂ ಮೀಟರಿನಲ್ಲಿ ಕಾಣುತ್ತದೆ. ಕಂಪನಿಯವರು ಹೇಳಿದ ರೇಂಜ್, ಅಂದರೆ ಒಂದು ಸಲ ಫುಲ್ ಮಾಡಿದರೆ ಓಡುವ ದೂರ, 450 ಕಿಲೋಮೀಟರ್. ಹೆದ್ದಾರಿಯಲ್ಲಿ ನೂರರಲ್ಲಿ ಹೋದರೆ ನನಗೆ ಸಿಗುವುದು 280. ಆ 450 ಲ್ಯಾಬಿನ ಲೆಕ್ಕ, ದಾರಿಯ ಲೆಕ್ಕ ಅಲ್ಲ.

ಶೇಕಡಾ 23 ಇದ್ದಾಗ ಆ ಚಾರ್ಜರ್ ತಲುಪಿದೆವು. 60 ಕಿಲೋವ್ಯಾಟ್, ಅಂದರೆ ಗಂಟೆಗೆ 60 ಯೂನಿಟ್, ಅಂತ ದೊಡ್ಡದಾಗಿ ಬರೆದಿತ್ತು. ನಮಗೆ ಸಿಕ್ಕಿದ್ದು 28. ಪಕ್ಕದ ಗನ್‌ನಲ್ಲಿ ಇನ್ನೊಂದು ಕಾರು ಇತ್ತು. ಎರಡು ಗನ್ ಇರುವ ಎಷ್ಟೋ ಚಾರ್ಜರ್‌ಗಳು ಹೀಗೆ ಕರೆಂಟನ್ನು ಹಂಚಿಬಿಡುತ್ತವೆ. ಬೋರ್ಡಿನ ಮೇಲೆ ಅದನ್ನು ಬರೆದಿರುವುದಿಲ್ಲ. ಬ್ಯಾಟರಿ ಶೇಕಡಾ ಎಂಬತ್ತಕ್ಕೆ ಬರಲು 55 ನಿಮಿಷ ಬೇಕಾಯಿತು.

ಅಲ್ಲಿಗೇ ನಿಲ್ಲಿಸಿ ಹೊರಡಬೇಕಿತ್ತು. ಆದರೆ ಹಳೇ ಅಭ್ಯಾಸ ಬಿಡಬೇಕಲ್ಲ. ಘಟ್ಟ ಹತ್ತಬೇಕು, ಫುಲ್ ಮಾಡಿಕೊಂಡೇ ಹೋಗೋಣ ಅಂದೆ. ಬ್ಯಾಟರಿ ತುಂಬುತ್ತಾ ಬಂದ ಹಾಗೆ ಕಾರೇ ಕರೆಂಟನ್ನು ಕಮ್ಮಿ ತೆಗೆದುಕೊಳ್ಳುತ್ತದೆ, ಸೆಲ್‌ಗಳು ಹಾಳಾಗಬಾರದು ಅಂತ. ಎಂಬತ್ತರಿಂದ 98ಕ್ಕೆ ಹೋಗಲು ಇನ್ನೂ 50 ನಿಮಿಷ. ಹಿಂದೆ ಎರಡು ಕಾರು ಕಾಯುತ್ತಿದ್ದವು, ಒಂದರಲ್ಲಿ ಚಿಕ್ಕ ಮಗು. ಅವರಿಗೆ ಜಾಗ ಬಿಡಲಿಲ್ಲ ಅನ್ನುವುದು ಇವತ್ತಿಗೂ ಮನಸ್ಸಿಗೆ ಹಿತ ಇಲ್ಲ.

ವಾಪಸ್ ಬರುವಾಗ ಬೇರೆ ರೀತಿ ಮಾಡಿದೆ. ನಲವತ್ತರ ಹತ್ತಿರ ಬಂದಾಗ ನಿಲ್ಲುವುದು, 20 ನಿಮಿಷ ಹಾಕಿ ಎಪ್ಪತ್ತರ ಆಸುಪಾಸಿಗೆ ಬಂದ ಕೂಡಲೇ ಹೊರಡುವುದು. ಹೀಗೆ ಎರಡು ಸಲ. ಅಲ್ಲಿ 50 ನಿಮಿಷಕ್ಕೆ ಹದಿನೆಂಟು, ಇಲ್ಲಿ 20 ನಿಮಿಷಕ್ಕೆ ಮೂವತ್ತು. ಅಮ್ಮನಿಗೂ ಕಾಲು ಚಾಚಿ ನಡೆಯಲು ಅಷ್ಟು ಹೊತ್ತು ಸರಿಹೋಯಿತು.

ಇನ್ನೊಂದು ಮಾತು. ಗದ್ದಲ ನನಗೆ ಆಗುವುದಿಲ್ಲ. ರಜೆ ದಿನ ಮಧ್ಯಾಹ್ನ ಚಾರ್ಜರ್ ಮುಂದೆ ಸಾಲು ನಿಂತು, ಯಾರು ಮೊದಲು ಬಂದರು ಅಂತ ವಾದ ಮಾಡುವುದು ನೋಡಿದರೆ ತಲೆ ಕೆಡುತ್ತದೆ. ಹಾಗಾಗಿ ವಾಪಸ್ ಹೊರಟದ್ದು ಬೆಳಗಿನ ಐದಕ್ಕೆ, ಅದೂ ವಾರದ ನಡುವೆ. ಎರಡೂ ಕಡೆ ನಾವೇ ಮೊದಲು. ಗದ್ದಲ ತಡೆದುಕೊಳ್ಳುವವರಿಗೆ ಇದು ಅತಿ ಅನ್ನಿಸಬಹುದು. ಆದರೂ ಹಬ್ಬದ ವಾರದಲ್ಲಿ ಮಾತ್ರ ಯಾರೂ ಹೊರಡಬೇಡಿ ಅಂತ ಕೈಮುಗಿದು ಕೇಳಿಕೊಳ್ಳುತ್ತೇನೆ.

ಘಟ್ಟಕ್ಕೆ ಬರುತ್ತೇನೆ. ತಪ್ಪಲಿನಲ್ಲಿ ಬ್ಯಾಟರಿ 46 ಇತ್ತು. ಮೇಲೆ ತಲುಪಿದಾಗ 21. ನಲವತ್ತು ಕಿಲೋಮೀಟರ್‌ಗೆ ಶೇಕಡಾ 25 ಹೋಯಿತು, ಸಪಾಟು ರಸ್ತೆಯಲ್ಲಿ ಹೋಗುವುದರ ಸುಮಾರು ಎರಡರಷ್ಟು. ಒಂದೂಮುಕ್ಕಾಲು ಟನ್ ಭಾರವನ್ನು ಸಾವಿರ ಮೀಟರ್ ಎತ್ತುವುದಕ್ಕೇ ಸುಮಾರು 5 ಯೂನಿಟ್ ಬೇಕು. ಈ ಲೆಕ್ಕ ಮೊದಲೇ ಹಾಕಿಕೊಂಡಿದ್ದರೆ ಪ್ರತಿ ತಿರುವಿನಲ್ಲೂ ಮೀಟರ್ ನೋಡಿ ಹೆದರುವುದು ತಪ್ಪುತ್ತಿತ್ತು.

ಮೇಲೆ ನಾವು ಉಳಿದ ಜಾಗವನ್ನು ಹೊಗಳದೆ ಇರಲು ಸಾಧ್ಯವೇ ಇಲ್ಲ. ನಾಲ್ಕೇ ಕೋಣೆಯ ಸಣ್ಣ ಮನೆ. ಜಾಹೀರಾತಿನಲ್ಲಿ ಚಾರ್ಜಿಂಗ್ ಅನ್ನುವ ಪದವೇ ಇರಲಿಲ್ಲ. ಫೋನ್ ಮಾಡಿ ಕೇಳಿದ್ದಕ್ಕೆ ಮನೆಯ ಯಜಮಾನರು, 'ನೀರಿನ ಪಂಪಿಗೆ ಹಾಕಿದ ದಪ್ಪ ಪ್ಲಗ್ ಇದೆ, ಸಾಕಾ?' ಅಂದರು. ಸಾಕು ಅಂದೆ. ನಾವು ಬರುವಷ್ಟರಲ್ಲಿ ಅವರು ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ನೋಡಿಸಿದ್ದರು. ಅರ್ತಿಂಗ್ ಸರಿ ಇಲ್ಲದಿದ್ದರೆ ನನ್ನ ಕಾರಿನ ಚಾರ್ಜರ್ ಶುರುವೇ ಆಗುವುದಿಲ್ಲ, ಅದು ಅವರಿಗೆ ಹೇಗೆ ಗೊತ್ತಿತ್ತೋ! ಎಕ್ಸ್‌ಟೆನ್ಶನ್ ವೈರ್ ಬೇಡ, ಅದು ಬಿಸಿಯಾಗಿ ಸುಡುತ್ತದೆ ಅಂತ ತಮ್ಮ ಗಾಡಿಯನ್ನೇ ಹೊರಗೆ ತೆಗೆದು ನಮ್ಮ ಕಾರನ್ನು ಪ್ಲಗ್ ಹತ್ತಿರ ನಿಲ್ಲಿಸಿಕೊಟ್ಟರು. ರಾತ್ರಿ ಹತ್ತಕ್ಕೆ ಬ್ಯಾಟರಿ ದೀಪ ಹಿಡಿದು ಬಂದು ಪ್ಲಗ್ ಮುಟ್ಟಿ ನೋಡಿದರು, ಬಿಸಿ ಇದೆಯಾ ಅಂತ. ಗಂಟೆಗೆ 3 ಯೂನಿಟ್‌ನಂತೆ ರಾತ್ರಿಯಿಡೀ ತುಂಬಿ, ಬೆಳಗ್ಗೆ ಏಳುವಷ್ಟರಲ್ಲಿ ಫುಲ್. ನಿದ್ದೆ ಮಾಡುವಾಗ ತುಂಬಿದ ಚಾರ್ಜ್‌ಗೆ ಕಾಯುವುದೇ ಇರುವುದಿಲ್ಲ, ಅಲ್ವಾ? ಕೋಣೆ ಬುಕ್ ಮಾಡುವ ಮುಂಚೆ ಎರಡು ಪ್ರಶ್ನೆ ಫೋನಿನಲ್ಲೇ ಕೇಳಿ: ದಪ್ಪ ಪ್ಲಗ್ ಇದೆಯಾ, ಕಾರು ಅದರ ಹತ್ತಿರಕ್ಕೆ ಬರುತ್ತದಾ? ದೊಡ್ಡ ಹೋಟೆಲುಗಳಲ್ಲಿ ವೇಗದ ಚಾರ್ಜರ್ ಇದೆ ಅಂತ ಸುಮ್ನೆ ಹೋಗಿ ಸಾಲು ನಿಲ್ಲುವುದಕ್ಕಿಂತ ಇದು ಎಷ್ಟೋ ಮೇಲು.

ಮಧ್ಯದ ಎರಡು ದಿನ ಕಾರು ಅಲುಗಲಿಲ್ಲ.

ಇಳಿಯುವ ದಿನ ಮಾಡಿದ ತಪ್ಪು ಮಾತ್ರ ಅಪಾಯದ್ದು. ಬ್ಯಾಟರಿ ನೂರು ತುಂಬಿಸಿ ಇಳಿಯಲು ಶುರು ಮಾಡಿದೆ. ಎಲೆಕ್ಟ್ರಿಕ್ ಕಾರು ಇಳಿಜಾರಿನಲ್ಲಿ ಮೋಟಾರನ್ನೇ ಜನರೇಟರ್ ಮಾಡಿಕೊಂಡು ವೇಗ ತಡೆಯುತ್ತದೆ, ಜೊತೆಗೆ ಬ್ಯಾಟರಿಯನ್ನೂ ತುಂಬುತ್ತದೆ. ಆದರೆ ತುಂಬಿದ ಬ್ಯಾಟರಿಯಲ್ಲಿ ಜಾಗ ಎಲ್ಲಿದೆ? ಮೀಟರ್ ಎಚ್ಚರಿಕೆ ತೋರಿಸಿತು, ಕಾರು ಸುಮ್ಮನೆ ಉರುಳತೊಡಗಿತು. ಡೀಸೆಲ್ ಕಾರಿನಲ್ಲಿ ಎರಡನೇ ಗೇರಿಗೆ ಹಾಕಿದರೆ ಎಂಜಿನ್ ಹಿಡಿಯುತ್ತದೆ. ಇಲ್ಲಿ ಗೇರೂ ಇಲ್ಲ, ಮೋಟಾರೂ ಹಿಡಿಯಲಿಲ್ಲ. ಉಳಿದದ್ದು ಕಾಲಿನ ಬ್ರೇಕ್ ಒಂದೇ. ಎಂಟನೇ ಕಿಲೋಮೀಟರಿಗೆ ಬ್ರೇಕಿನ ವಾಸನೆ ಬಂತು. ಬದಿಗೆ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಟ್ಟು, ನಿಧಾನವಾಗಿ ಇಳಿದೆವು.

ಕಲ್ಲಿನ ಮೇಲೆ ಕೂತು ಕಾಯುವಾಗ ಹೆಂಡತಿ ಬೆರ್ತಾ ಬೆಂಜ್ ಕಥೆ ಅಮ್ಮನಿಗೆ ಹೇಳಿದಳು. 1888ರಲ್ಲಿ ಗಂಡ ಕಾರ್ಲ್ ಬೆಂಜ್ ಮಾಡಿದ ಕಾರನ್ನು ತೆಗೆದುಕೊಂಡು, ಇಬ್ಬರು ಗಂಡುಮಕ್ಕಳ ಜೊತೆ ಜರ್ಮನಿಯ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೋದವಳು ಆಕೆ. ಸುಮಾರು 106 ಕಿಲೋಮೀಟರ್. ಪೆಟ್ರೋಲ್ ಬಂಕ್ ಅನ್ನುವುದೇ ಇಲ್ಲದ ಕಾಲ. ವೀಸ್ಲೋಖ್ ಅನ್ನುವ ಊರಿನ ಔಷಧಿ ಅಂಗಡಿಯಲ್ಲಿ ಇಂಧನ ಕೊಂಡಳು. ಬ್ರೇಕ್ ಸವೆದಾಗ ಚಮ್ಮಾರನಿಂದ ಚರ್ಮ ಹಾಕಿಸಿದಳು. 'ಆಕೆ ತಲುಪಿದಳಾ?' ಅಂತ ಅಮ್ಮ ಕೇಳಿದರು. 'ತಲುಪಿ, ವಾಪಸ್ಸೂ ಬಂದಳು' ಅಂದಳು ಹೆಂಡತಿ. ಅಮ್ಮ ಎದ್ದು ಹೋಗಿ ಕಾರಿನಲ್ಲಿ ಕೂತರು.

ಮೇಲಿನಿಂದ ಇಳಿಯುವವರು ಎಂಬತ್ತೈದಕ್ಕೆ ಪ್ಲಗ್ ತೆಗೆಯಿರಿ. ತಪ್ಪಲಿಗೆ ಬರುವಷ್ಟರಲ್ಲಿ ಕಮ್ಮಿಯಾಗುವ ಬದಲು ಒಂದೆರಡು ಹೆಚ್ಚಾಗಿಯೂ ಇರಬಹುದು. ಘಟ್ಟದಲ್ಲಿ ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಇರುವುದಿಲ್ಲ, ಆಪ್ ತೆರೆಯುವುದಿಲ್ಲ. ಹಾಗಾಗಿ ಚಾರ್ಜರ್‌ಗೆ ಮುಟ್ಟಿಸುವ ಕಾರ್ಡ್ ಒಂದನ್ನು ಮೊದಲೇ ತರಿಸಿ ಪರ್ಸಿನಲ್ಲಿ ಇಟ್ಟುಕೊಳ್ಳಿ. ಎರಡು ಮೂರು ಆಪ್‌ಗಳಿಗೆ ಹಣವನ್ನೂ ಮನೆಯಲ್ಲೇ ಕೂತು ಹಾಕಿಡಿ.

ಆ ಕೆಟ್ಟ ಚಾರ್ಜರ್ ಮುಂದೆ ವಾಪಸ್ ಬರುವಾಗಲೂ ಹಾದು ಬಂದೆವು. ಒಂದು ಕಾರು ನಿಂತಿತ್ತು, ಒಬ್ಬರು ಗನ್ ತೆಗೆದು ಮತ್ತೆ ಹಾಕುತ್ತಿದ್ದರು. ನಿಲ್ಲಿಸಿ, ಮುಂದಿನದು 38 ಕಿಲೋಮೀಟರ್, ಎಂಬತ್ತರಲ್ಲಿ ಹೋಗಿ, ಅಂತ ಹೇಳಿ ಬಂದೆ.