ಮಜಾಮಾದ ಬೂದಿ

ಅಮೆರಿಕದ ಉತ್ತರ ಐಡಹೋದ ಬೆಟ್ಟದ ಕಾಡಿನಲ್ಲಿ ನಿನ್ನೆ ಒಂದು ಮೊಳ ಆಳದ ಗುಂಡಿ ತೋಡಿದೆ. ಅಂಗೈಗೆ ಬಂದ ಕಂದು ಮಣ್ಣು ಹಿಟ್ಟಿನಂತೆ ನಯ, ಹಗುರ. ಸುಮಾರು 7,700 ವರ್ಷಗಳ ಹಿಂದೆ ಒರೆಗಾನ್‌ನ ಮಜಾಮಾ ಪರ್ವತ ಸಿಡಿದಾಗ ಗಾಳಿ ಹೊತ್ತು ತಂದ ಬೂದಿ ಇದು. ಒಳಗೆಲ್ಲ ಸೂಕ್ಷ್ಮ ರಂಧ್ರಗಳು. ಕರಗಿದ ಹಿಮದ ನೀರನ್ನು ಹಿಡಿದಿಟ್ಟುಕೊಂಡು, ಒಣ ಬೇಸಿಗೆಯಲ್ಲಿ ಸೀಡರ್ ಮರಗಳಿಗೆ ಉಣಿಸುತ್ತದೆ. ಆದರೆ ಗಿಡಗಳಿಗೆ ಬೇಕಾದ ರಂಜಕವನ್ನು ಸುಲಭಕ್ಕೆ ಬಿಟ್ಟುಕೊಡದೆ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಉತ್ತರಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಈ ಪದರ ದಪ್ಪ. ಬಿಸಿಲು ಬೀಳುವ ದಕ್ಷಿಣದ ಮಗ್ಗುಲಿನಲ್ಲಿ ಬಹುಪಾಲು ಕೊಚ್ಚಿಹೋಗಿದೆ.

ಸಾಗರದ ನಮ್ಮ ತೋಟದ ಜಂಬಿಟ್ಟಿಗೆ ಮಣ್ಣು ಗುದ್ದಲಿಗೇ ಜಗ್ಗುತ್ತಿರಲಿಲ್ಲ. ಇಲ್ಲಿ ಮರ ಸಾಗಿಸುವ ಯಂತ್ರ ಒದ್ದೆ ನೆಲದ ಮೇಲೆ ಕೆಲವೇ ಬಾರಿ ಓಡಾಡಿದರೂ ರಂಧ್ರಗಳು ಮುಚ್ಚಿಹೋಗುತ್ತವೆ. ಮತ್ತೆ ಸಡಿಲವಾಗಲು ದಶಕಗಳು ಬೇಕು. ಗುಂಡಿ ಮುಚ್ಚುವಾಗ ಕಾಲಿನಿಂದ ತುಳಿಯಲು ಮನಸ್ಸಾಗಲಿಲ್ಲ, ಕೈಯಿಂದಲೇ ಮಣ್ಣು ಎಳೆದೆ.