ಬಿಲ್ಲಸುರ್ಗಂ ಗವಿಯಲ್ಲಿ ಘೇಂಡಾಮೃಗ!

ಬೇಲಂ ಗವಿ ಗೊತ್ತು ಎಲ್ರಿಗೂ, ಆದ್ರೆ ಅದೇ ಕರ್ನೂಲು ಸೀಮೆಲಿ ಬೇತಂಚೆರ್ಲ ಹತ್ರ ಇರೋ ಬಿಲ್ಲಸುರ್ಗಂ ಗವಿಗಳ ಬಗ್ಗೆ ಮಾತಾಡೋರೇ ಕಮ್ಮಿ. 1884ರ ಸುಮಾರಿಗೆ ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್, ಅವ್ರ ಮಗ ಇಬ್ರೂ ಇಲ್ಲಿ ಅಗೆಸಿದ್ರು. ಚೆನ್ನೈ ಹತ್ರದ ಪಲ್ಲಾವರಂನಲ್ಲಿ 1863ರಲ್ಲಿ ಆದಿಮಾನವರ ಕಲ್ಲಿನ ಆಯುಧ ಹುಡುಕಿದ್ರಲ್ಲ, ಆ ಫೂಟೇ.

ಇಲ್ಲಿ ಸಿಕ್ಕಿದ್ದು ರಾಶಿ ರಾಶಿ ಮೂಳೆ, ಅದ್ರಲ್ಲಿ ಘೇಂಡಾಮೃಗದ್ದೂ ಇತ್ತು ಅಂದ್ರೆ ಈಗಿನ ಆ ಒಣ ಬೆಟ್ಟ ನೋಡ್ದೋರು ನಂಬ್ತಾರಾ ಹೇಳಿ! ಅದೂ ಸಾಮಾನ್ಯವಾಗಿ ಮಣ್ಣಲ್ಲಿ ಹೂತ ಮೂಳೆ ಆ್ಯಸಿಡ್‌ಗೆ ಕರಗೋಗತ್ತೆ, ಸುಣ್ಣಕಲ್ಲಿನ ಗವಿಲಿ ಮಣ್ಣು ಕ್ಷಾರ ಇರೋದ್ರಿಂದ ಸಾವಿರಾರು ವರ್ಷ ಉಳ್ಕೊಳತ್ತೆ, ತಮಾಷೆ ಅಂದ್ರೆ ಗವಿ ಆಗೋದೇ ಮಳೆನೀರಿನ ಸಣ್ಣ ಆ್ಯಸಿಡ್ ಕಲ್ಲನ್ನ ಕೊರೆದು.

ಮನುಷ್ರು ಇದ್ರಾ ಅನ್ನೋದೇ ಜಗಳದ ವಿಷ್ಯ. ಕೆತ್ತಿ ಚೂಪು ಮಾಡಿದ ಮೂಳೆ ಉಪಕರಣ ಸಿಕ್ವು ಅಂತ ಫೂಟ್ ಬರೆದ್ರು, ಆದ್ರೆ ಮುಳ್ಳುಹಂದಿ ಕಡಿದ್ರೂ ಮೂಳೆ ಮೇಲೆ ಗೀರು ಬೀಳತ್ತೆ, ಹಾಗಾಗಿ ಮೂಳೆ ಒಂದನ್ನೇ ನೋಡಿ ತೀರ್ಪು ಕೊಡೋದು ನಂಗೆ ಸರಿ ಅನ್ಸಲ್ಲ. ಅದೇ ಕರ್ನೂಲು ಸೀಮೆಯ ಮುಚ್ಚಟ್ಲ ಚಿಂತಮಾನು ಗವಿಲಿ ಬೆಂಕಿ ಹಚ್ಚಿದ ಒಲೆಯ ಗುರುತೇ ಸಿಕ್ಕಿದೆ. ಅದಕ್ಕೆ ನಾನು ಒಪ್ತೀನಪ್ಪ, ಮುಳ್ಳುಹಂದಿ ಒಲೆ ಹಚ್ಚಲ್ವಲ್ಲ.